ಕಡಲ್ಗಳ್ಳರ ಹೆಂಡಂದಿರು: ದಡದಲ್ಲಿ ಉಳಿದವರ ಬದುಕು ಹೇಗಿತ್ತು?

ತೆರೆಸಾಲು:

ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟರ ಆರಂಭದ ಕಡಲ್ಗಳ್ಳರ ಬಗ್ಗೆ ಓದುವಾಗಲೆಲ್ಲ ಒಂದು ಕೊರತೆ ನನ್ನನ್ನು ಕಾಡುತ್ತದೆ. ಹಡಗು, ತೋಪು, ಲೂಟಿಯ ಹಂಚಿಕೆ, ಕೊನೆಗೆ ಗಲ್ಲುಗಂಬ, ಇಷ್ಟಕ್ಕೆ ಕಥೆ ಮುಗಿದುಹೋಗುತ್ತದೆ. ಆದರೆ ಅವರಲ್ಲಿ ಎಷ್ಟೋ ಮಂದಿ ಸಂಸಾರವಂದಿಗರಾಗಿದ್ದರು. ಗಂಡ ಎರಡು ಮೂರು ವರ್ಷ ಮುಖ ತೋರಿಸದಿದ್ದಾಗ ಮನೆ ಯಾರ ದುಡ್ಡಿನಲ್ಲಿ ನಡೆಯುತ್ತಿತ್ತು? ಅವನನ್ನು ಕಳ್ಳನೆಂದು ಸರ್ಕಾರ ಸಾರಿದ ಮೇಲೆ ಆ ಮನೆ, ಪಾತ್ರೆಪಗಡ, ಒಡವೆ ಯಾರ ಪಾಲಾಗುತ್ತಿದ್ದವು? ಆನ್ ಬಾನಿ, ಮೇರಿ ರೀಡ್ ಇವರ ಕಥೆ ಎಲ್ಲರಿಗೂ ಗೊತ್ತು, ಅವರು ಸ್ವತಃ ಹಡಗು ಹತ್ತಿದವರು. ನಾನು ಕೇಳುತ್ತಿರುವುದು ಹತ್ತದೆ ಉಳಿದವರ ಬಗ್ಗೆ.

ಹಳೆಕಾಗದ:

ತೆರೆಸಾಲು ಅವರೇ, ನಿಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುವಂಥ ಕಾಗದಗಳು, ಕಡಲ್ಗಳ್ಳನೆಂದು ಗಲ್ಲಿಗೇರಿದ ಹಡಗಿನ ನಾಯಕ ವಿಲಿಯಂ ಕಿಡ್‌ನ ಹೆಂಡತಿ ಸಾರಾಳದ್ದು ಉಳಿದಿವೆ. ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಆಕೆಯ ಬದುಕನ್ನು ಎರಡು ಸಾಲಿನಲ್ಲಿ ಹೇಳಿದರೆ ಅದು ಕಿಡ್‌ನ ಕಥೆಯ ಅಡಿಟಿಪ್ಪಣಿಯಾಗಿಬಿಡುತ್ತದೆ.

ಸಾರಾ ಬ್ರಾಡ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿಗೆ ಬಂದವಳು. 1685ರಲ್ಲಿ, ಇನ್ನೂ ಹದಿನೈದರ ಆಸುಪಾಸಿನಲ್ಲಿದ್ದಾಗಲೇ, ವಿಲಿಯಂ ಕಾಕ್ಸ್ ಎಂಬ ಸಿರಿವಂತ ಹಿಟ್ಟಿನ ವ್ಯಾಪಾರಿಯ ಕೈ ಹಿಡಿದಳು. 1689ರಲ್ಲಿ ಕಾಕ್ಸ್ ನೀರಿನಲ್ಲಿ ಮುಳುಗಿ ಸತ್ತ. ಬಳಿಕ ಜಾನ್ ಊರ್ಟ್ ಎಂಬ ವರ್ತಕನನ್ನು ಮದುವೆಯಾದಳು. ಅವನೂ 1691ರ ಮೇ ತಿಂಗಳಲ್ಲಿ ತೀರಿಕೊಂಡ. ಅವನು ಸತ್ತ ಕೆಲವೇ ದಿನಗಳಲ್ಲಿ ಸಾರಾ ಮತ್ತು ಕಿಡ್ ಮದುವೆಯ ಪರವಾನಗಿ ಪಡೆದರು. ಈ ಅವಸರವನ್ನು ಹಿಡಿದುಕೊಂಡು ಆಕೆಯ ಮೇಲೆ ಸಂಶಯ ಪಟ್ಟವರು ಆಮೇಲೆ ಬೇಕಾದಷ್ಟು ಮಂದಿ ಹುಟ್ಟಿಕೊಂಡರು. ನನಗೆ ಅದು ಬೇರೆಯಾಗಿ ಕಾಣುತ್ತದೆ. ಇಪ್ಪತ್ತೊಂದರ ಆಜುಬಾಜಿನಲ್ಲಿ ಎರಡನೆಯ ಸಲ ವಿಧವೆಯಾದ, ಓದುಬರಹ ಬಾರದ ಹೆಣ್ಣೊಬ್ಬಳು ಸಾಲಿಗರೂ ಅಧಿಕಾರಿಗಳೂ ಬಾಗಿಲಿಗೆ ಬರುವ ಮೊದಲು ವ್ಯವಹಾರ ಬಲ್ಲ ಒಬ್ಬನ ಆಸರೆ ಹುಡುಕಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಕಿಡ್ ಆಗಿನ್ನೂ ಮರ್ಯಾದಸ್ಥ ನಾಗರಿಕ. ಪರ್ಲ್ ಬೀದಿಯಲ್ಲಿ ಒಳ್ಳೆಯ ಮನೆ, ಎಲಿಜಬೆತ್ ಮತ್ತು ಸಾರಾ ಎಂಬ ಇಬ್ಬರು ಹೆಣ್ಣುಮಕ್ಕಳು. 1696ರಲ್ಲಿ ಟ್ರಿನಿಟಿ ಚರ್ಚ್ ಕಟ್ಟುವಾಗ ಭಾರ ಎತ್ತಲು ತನ್ನ ಹಡಗಿನ ಹಗ್ಗ ರಾಟೆಗಳನ್ನು ಕೊಟ್ಟಿದ್ದವನು ಅವನೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನು 'ಅಡ್ವೆಂಚರ್ ಗ್ಯಾಲಿ' ಹಡಗಿನಲ್ಲಿ ಹೊರಟದ್ದು ಕಡಲ್ಗಳ್ಳರನ್ನು ಹಿಡಿಯಲು, ಅದೂ ರಾಜನ ಅಪ್ಪಣೆ ಪತ್ರ ಹಿಡಿದುಕೊಂಡು. ಹಡಗಿನ ಆಳುಗಳಿಗೆ ತಿಂಗಳ ಸಂಬಳವಿರಲಿಲ್ಲ. ಬೇಟೆ ಸಿಕ್ಕಿದರೆ ಪಾಲು, ಇಲ್ಲವಾದರೆ ಬರಿಗೈ ಎಂಬುದೇ ಕರಾರು. ಅಂದರೆ ಹಿಂದೆ ಉಳಿದ ಕುಟುಂಬಗಳಿಗೆ ಅಷ್ಟೂ ಕಾಲ ಅಲ್ಲಿಂದ ಬರುವುದೆಂದು ಏನೂ ಇರಲಿಲ್ಲ.

ಸುಮಾರು ಮೂರು ವರ್ಷದ ಬಳಿಕ, 1699ರ ಬೇಸಗೆಯಲ್ಲಿ, ಕಿಡ್ ಸಣ್ಣ ಹಡಗೊಂದರಲ್ಲಿ ಮರಳಿದಾಗ ಅವನನ್ನೇ ಕಡಲ್ಗಳ್ಳನೆಂದು ಸಾರಲಾಗಿತ್ತು. ಸಾರಾ ಮಕ್ಕಳನ್ನು ಕರೆದುಕೊಂಡು ಬ್ಲಾಕ್ ದ್ವೀಪದ ಬಳಿ ಹೋಗಿ ಅವನನ್ನು ಕೂಡಿಕೊಂಡಳು, ಅಲ್ಲಿಂದ ಇಬ್ಬರೂ ಬಾಸ್ಟನ್ನಿಗೆ ಹೋದರು. ಗವರ್ನರ್ ಬೆಲ್ಲೊಮಾಂಟ್‌ನ ಹೆಂಡತಿಗೆ ಕಿಡ್ ಒಡವೆಗಳಿದ್ದ ಎನಾಮಲ್ ಡಬ್ಬಿಯೊಂದನ್ನು ಕಳುಹಿಸಿದ್ದೂ ಕೆಲಸಕ್ಕೆ ಬರಲಿಲ್ಲ. ಜುಲೈ 6ರಂದು ಅವನ ಬಂಧನವಾಯಿತು, ಬಿಡಾರದಲ್ಲಿದ್ದ ಸಾಮಾನೆಲ್ಲ ಜಪ್ತಿಯಾಯಿತು.

ಇಲ್ಲಿಂದ ಸಾರಾಳ ಸ್ವಂತ ದನಿ ಕೇಳಿಸುತ್ತದೆ. ಜಪ್ತಿಯಾದ ವಸ್ತುಗಳಲ್ಲಿ ಒಂದು ಬೆಳ್ಳಿಯ ಟ್ಯಾಂಕರ್ಡ್ (ಹಿಡಿಯಿರುವ ದೊಡ್ಡ ಪಾನಪಾತ್ರೆ), ಬೆಳ್ಳಿಯ ಲೋಟ, ಬಟ್ಟಲು, ಚಮಚ, ಮುಳ್ಳುಚಮಚ ಮತ್ತು 260 ಸ್ಪ್ಯಾನಿಷ್ ಬೆಳ್ಳಿ ನಾಣ್ಯಗಳು ತನ್ನವು, ನ್ಯೂಯಾರ್ಕಿನಿಂದ ತಾನೇ ತಂದವು, ಎಷ್ಟೋ ವರ್ಷದಿಂದ ತನ್ನ ಸ್ವಾಧೀನದಲ್ಲಿದ್ದವು ಎಂದು ಆಕೆ ಗವರ್ನರಿಗೂ ಅವನ ಮಂಡಳಿಗೂ ಅರ್ಜಿ ಹಾಕಿಕೊಂಡಳು. ಅದೇ ಅರ್ಜಿಯಲ್ಲಿ ತನ್ನ ಮನೆಗೆಲಸದವಳ 25 ಕ್ರೌನ್ ನಾಣ್ಯಗಳನ್ನೂ ಕೇಳಿದಳು. ಗಂಡನ ಕುತ್ತಿಗೆಗೆ ಹಗ್ಗ ಬೀಳುವ ಹೊತ್ತಿನಲ್ಲಿಯೂ ಕೆಲಸದವಳ ಉಳಿತಾಯವನ್ನು ಮರೆಯದೆ ಬರೆಸಿದ್ದು ನನಗೆ ಇಡೀ ಪ್ರಕರಣದಲ್ಲಿ ಬಹಳ ಹಿಡಿಸಿದ ಸಂಗತಿ. ಸಹಿಯ ಜಾಗದಲ್ಲಿ ಎಸ್, ಕೆ ಎಂಬ ಎರಡು ಅಕ್ಷರಗಳ ಗುರುತು ಮಾತ್ರ ಇದೆ. ಅರ್ಜಿ ಫಲಿಸಿತು, ಆ ವಸ್ತುಗಳನ್ನು ಹಿಂದಿರುಗಿಸಲು ಮಂಡಳಿ ಒಪ್ಪಿತು.

ಅದಕ್ಕೂ ಕೆಲದಿನ ಮೊದಲು, ಜುಲೈ 18ರಂದು, ಆಕೆ ಬರೆಸಿದ ಇನ್ನೊಂದು ಕಾಗದವಿದೆ. ಅದು ರೋಡ್ ಐಲೆಂಡ್ ಕಡೆಯ ಥಾಮಸ್ ಪೇನ್‌ನಿಗೆ ಬರೆದದ್ದು, ಅವನೂ ಒಂದು ಕಾಲದಲ್ಲಿ ಅದೇ ಕಸುಬಿನವನು. ಸೆರೆಮನೆಯಲ್ಲಿ ತಾನು ಪಡುತ್ತಿರುವ ದುಃಖವನ್ನು ತೋಡಿಕೊಂಡು, ಈ ಕಾಗದ ತರುವವನ ಕೈಯಲ್ಲಿ ಇಪ್ಪತ್ತನಾಲ್ಕು ಔನ್ಸ್ ಚಿನ್ನ ಕಳುಹಿಸಬೇಕು, ಉಳಿದದ್ದನ್ನು ನಿಮ್ಮ ಬಳಿಯೇ ಇಟ್ಟುಕೊಂಡಿರಿ, ಕಷ್ಟಕಾಲಕ್ಕೆ ನಮಗಿರುವುದು ಅದೊಂದೇ ಎಂದು ಕೇಳಿಕೊಳ್ಳುತ್ತಾಳೆ. ಒಂದು ಕಾಗದದಲ್ಲಿ ಏನೂ ಅರಿಯದ ಗೃಹಿಣಿ, ಇನ್ನೊಂದರಲ್ಲಿ ಚಿನ್ನ ಯಾರ ಬಳಿ ಎಷ್ಟಿದೆಯೆಂದು ತೂಕದ ಲೆಕ್ಕದಲ್ಲಿ ಬಲ್ಲ ಪಾಲುಗಾರ್ತಿ. ಎರಡೂ ಆಕೆಯೇ, ಅದೂ ಒಂದೇ ತಿಂಗಳಲ್ಲಿ.

ಕಿಡ್‌ನನ್ನು 1701ರ ಮೇ 23ರಂದು ಲಂಡನ್ನಿನ ವ್ಯಾಪಿಂಗ್‌ನಲ್ಲಿ ಗಲ್ಲಿಗೇರಿಸಿದರು. ಮೊದಲ ಸಲ ಹಗ್ಗ ಹರಿದುಬಿದ್ದು ಎರಡನೆಯ ಸಲ ಏರಿಸಬೇಕಾಯಿತು. ಈ ಅವಮಾನದ ಸಾವು ಹೆಂಡತಿಗೆ ತರುವ ನೋವೇ ಅವನನ್ನು ಹೆಚ್ಚು ಬಾಧಿಸಿತ್ತೆಂದು ಅಲ್ಲಿದ್ದ ಪಾದ್ರಿ ಬರೆದಿಟ್ಟಿದ್ದಾನೆ. ಸಾರಾ 1703ರಲ್ಲಿ ಕ್ರಿಸ್ಟಫರ್ ರೌಸ್ಬಿ ಎಂಬುವನನ್ನು ಮದುವೆಯಾಗಿ, ಮತ್ತೆ ಮಕ್ಕಳನ್ನು ಹೆತ್ತು, 1744ರವರೆಗೆ ಬದುಕಿದಳು.

ಕಾಳಿತೀರ:

ನಮ್ಮ ಕಡೆಯ ನಂಟೊಂದನ್ನು ಇಲ್ಲಿ ಸೇರಿಸುತ್ತೇನೆ. ಸಾರಾ ನ್ಯೂಯಾರ್ಕಿನಲ್ಲಿ ಗಂಡನ ಸುದ್ದಿಯಿಲ್ಲದೆ ಕುಳಿತಿದ್ದ ಹೊತ್ತಿನಲ್ಲಿ, 1697ರ ಸೆಪ್ಟೆಂಬರಿನಲ್ಲಿ, ಕಿಡ್ ನಮ್ಮ ಕಾರವಾರದಲ್ಲಿ ಲಂಗರು ಹಾಕಿದ್ದ. ಇಲ್ಲಿ ಇಂಗ್ಲಿಷರ ವ್ಯಾಪಾರದ ಕೋಠಿ ಇತ್ತು. ಸೌದೆ ನೀರು ತುಂಬಿಕೊಳ್ಳಲು ಬಂದವನ ಹಡಗಿನಿಂದ ಕೆಲವರು ಇಲ್ಲಿಯೇ ಇಳಿದು ತಪ್ಪಿಸಿಕೊಂಡು, ಕ್ಯಾಪ್ಟನ್ನನ ಉದ್ದೇಶ ನೆಟ್ಟಗಿಲ್ಲವೆಂದು ಕಂಪನಿಯವರಿಗೆ ತಿಳಿಸಿದರು. ಕೋಠಿಯ ಅಧಿಕಾರಿಗಳು ಅದನ್ನು ಬರೆದು ಕಳುಹಿಸಿದರು. ಮುಂದೆ 1698ರ ಜನವರಿಯಲ್ಲಿ ಮಲಬಾರ್ ಕರಾವಳಿಯ ಬಳಿ ರೇಷ್ಮೆ, ಮಸ್ಲಿನ್, ಸಕ್ಕರೆ, ಅಫೀಮು ತುಂಬಿದ್ದ 'ಕ್ವೆಡಾ ಮರ್ಚೆಂಟ್' ಹಡಗನ್ನು ಅವನು ಹಿಡಿದದ್ದೇ ಅವನಿಗೆ ಮುಳುವಾಯಿತು. ಗಂಡ ಬದುಕಿದ್ದಾನೆಯೇ ಎಂಬುದನ್ನು ಹೆಂಡತಿಗಿಂತ ಮೊದಲು ಕಾರವಾರದ ಗುಮಾಸ್ತರು ಬಲ್ಲವರಾಗಿದ್ದರು, ಇದು ಆ ಕಾಲದ ಕಡಲಿನ ವಿಚಿತ್ರ.

ನ್ಯಾಯವಿದ್ಯಾರ್ಥಿನಿ:

ಹಳೆಕಾಗದ ಅವರು ಹೇಳಿದ ಬೆಳ್ಳಿ ಪಾತ್ರೆಗಳ ಅರ್ಜಿ ಕಾನೂನಿನ ದೃಷ್ಟಿಯಿಂದ ಬಹಳ ಸೂಕ್ಷ್ಮವಾದದ್ದು. ಆಗಿನ ಇಂಗ್ಲಿಷ್ ಸಾಮಾನ್ಯ ಕಾನೂನಿನ ಪ್ರಕಾರ ಮದುವೆಯಾದ ಹೆಣ್ಣಿಗೆ ಗಂಡನಿಂದ ಪ್ರತ್ಯೇಕವಾದ ಆಸ್ತಿ ವ್ಯಕ್ತಿತ್ವವೇ ಇರಲಿಲ್ಲ. ಆಕೆ ತಂದ ಹಣ, ಒಡವೆ, ಪಾತ್ರೆ ಎಲ್ಲವೂ ಮದುವೆಯ ಗಳಿಗೆಯಿಂದ ಗಂಡನದ್ದು. ಗಂಡ ಮಹಾಪರಾಧಿಯೆಂದು ತೀರ್ಪಾದರೆ ಅವನ ಸೊತ್ತು ರಾಜನ ಬೊಕ್ಕಸಕ್ಕೆ ಹೋಗುತ್ತಿತ್ತು. ಎರಡು ನಿಯಮಗಳನ್ನೂ ಕೂಡಿಸಿ ನೋಡಿದರೆ, ಆಕೆಯ ತವರಿನ ಚಮಚವೂ ಗಂಡನ ತಪ್ಪಿಗೆ ದಂಡವಾಗಿ ಹೋಗಬೇಕು. ಆದುದರಿಂದಲೇ ಅರ್ಜಿಯಲ್ಲಿ 'ನನ್ನದು ಮಾತ್ರ' ಎಂಬುದಕ್ಕೂ 'ಬಹುಕಾಲದಿಂದ ನನ್ನ ಸ್ವಾಧೀನ' ಎಂಬುದಕ್ಕೂ ಅಷ್ಟು ಒತ್ತು ಬಿದ್ದಿದೆ. ಅದನ್ನು ಬರೆದುಕೊಟ್ಟವರು ಕಾನೂನು ಬಲ್ಲವರೇ ಇರಬೇಕು. ಕಿಡ್‌ನ ಜಪ್ತಿಯಾದ ಸೊತ್ತಿನಿಂದ ಬಂದ 6,000 ಪೌಂಡಿಗೂ ಮಿಕ್ಕಿದ ಹಣ ಕೊನೆಗೆ ಹೋದದ್ದು ಗ್ರೀನಿಚ್‌ನಲ್ಲಿ ನಾವಿಕರಿಗಾಗಿ ಕಟ್ಟುತ್ತಿದ್ದ ಆಸ್ಪತ್ರೆಗೆ.

ಇನ್ನೊಂದು ವಿಷಯ. ಸುದ್ದಿಯೇ ಇಲ್ಲದ ಗಂಡನಿಗಾಗಿ ಎಷ್ಟು ಕಾಲ ಕಾಯಬೇಕು? 1604ರ ಕಾಯ್ದೆಯೊಂದು ದ್ವಿಪತಿತ್ವವನ್ನು ಮಹಾಪರಾಧವೆಂದು ಮಾಡಿತಾದರೂ, ಸಂಗಾತಿ ಏಳು ವರ್ಷ ನಿರಂತರವಾಗಿ ಸಮುದ್ರದಾಚೆ ಉಳಿದಿದ್ದರೆ ಮರುಮದುವೆಯಾದವರಿಗೆ ಶಿಕ್ಷೆಯಿಲ್ಲವೆಂದು ವಿನಾಯಿತಿಯನ್ನೂ ಇಟ್ಟಿತು. ಶಿಕ್ಷೆ ಇಲ್ಲವೆಂದ ಮಾತ್ರಕ್ಕೆ ಎರಡನೆಯ ಮದುವೆ ಸಿಂಧುವಾಯಿತೆಂದೇನೂ ಅಲ್ಲ. ಮೊದಲ ಗಂಡ ಎಂಟನೆಯ ವರ್ಷ ಬಾಗಿಲು ತಟ್ಟಿದರೆ ಹೊಸ ಸಂಸಾರ ಕಾನೂನಿನ ಕಣ್ಣಲ್ಲಿ ಕುಸಿಯುತ್ತಿತ್ತು. ಕಡಲ್ಗಳ್ಳರ ನೆಲೆಯಿದ್ದ ಮಡಗಾಸ್ಕರಿಗೆ ಹೋದವನ ಹೆಂಡತಿ ಹೆಂಡತಿಯೂ ಅಲ್ಲದ, ವಿಧವೆಯೂ ಅಲ್ಲದ ಸ್ಥಿತಿಯಲ್ಲಿ ಏಳು ವರ್ಷ ಕಳೆಯಬೇಕಿತ್ತು.

ದಕ್ಖನ್ ಓದುಗ:

ಚರ್ಚೆ ಚೆನ್ನಾಗಿದೆ, ಆದರೆ ನನ್ನದೊಂದು ಆಕ್ಷೇಪವಿದೆ. ಬೆಳ್ಳಿ ಬಟ್ಟಲು ಕಳೆದುಕೊಂಡವಳ ಬಗ್ಗೆ ಇಷ್ಟು ಕನಿಕರ ತೋರುವ ನಾವು, ಆ ಬೆಳ್ಳಿ ಎಲ್ಲಿಂದ ಬರುತ್ತಿತ್ತೆಂಬುದನ್ನು ಕೇಳಬೇಡವೇ? 1695ರ ಸೆಪ್ಟೆಂಬರಿನಲ್ಲಿ ಇಂಗ್ಲಿಷ್ ಕಡಲ್ಗಳ್ಳ ಹೆನ್ರಿ ಎವ್ರಿ ಮತ್ತು ಅವನ ಸಂಗಡಿಗರು ಸೂರತ್ತಿಗೆ ಮರಳುತ್ತಿದ್ದ ಔರಂಗಜೇಬನ ಹಡಗು 'ಗಂಜ್-ಇ-ಸವಾಯಿ'ಯನ್ನು ಹಿಡಿದರು. ಅದರಲ್ಲಿ ಹಜ್ ಮುಗಿಸಿ ಬರುತ್ತಿದ್ದ ಹೆಂಗಸರಿದ್ದರು. ದಿನಗಟ್ಟಲೆ ಅತ್ಯಾಚಾರ ನಡೆಯಿತು, ಕೆಲವು ಹೆಂಗಸರು ಸಮುದ್ರಕ್ಕೆ ಹಾರಿ ಪ್ರಾಣ ಬಿಟ್ಟರು. ಮೊಗಲರ ಕಾಲದ ಇತಿಹಾಸಕಾರ ಖಾಫೀ ಖಾನ್ ಇದನ್ನು ದಾಖಲಿಸಿದ್ದಾನೆ. ಹಡಗಿನ ನಾಯಕನು ದಾಸಿಯರ ತಲೆಗೆ ಪೇಟ ಸುತ್ತಿ ಹೋರಾಡಲು ಕಳುಹಿಸಿ ತಾನು ಅಡಗಿಕೊಂಡ ಹೇಡಿತನವನ್ನೂ ಅವನೇ ಹೇಳುತ್ತಾನೆ. ಇಂಗ್ಲೆಂಡಿನ ವಿಚಾರಣೆಯಲ್ಲಿ ಚಿನ್ನ ಬೆಳ್ಳಿಯ ಲೆಕ್ಕಕ್ಕೆ ಸಿಕ್ಕ ಜಾಗ ಈ ಹೆಂಗಸರಿಗೆ ಸಿಗಲಿಲ್ಲ. ಅವರಿಗೆ ಅರ್ಜಿ ಬರೆದುಕೊಡಲು ಯಾವ ವಕೀಲನೂ ಇರಲಿಲ್ಲ.

ಹಳೆಕಾಗದ:

ದಕ್ಖನ್ ಓದುಗರೇ, ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ಮತ್ತು ಅದೇ ಎವ್ರಿಯ ಪ್ರಕರಣದಲ್ಲಿಯೇ ಹೆಂಡಂದಿರ ಎರಡು ಚಿತ್ರಗಳು ಸಿಗುವುದರಿಂದ ಈ ಎಳೆಯನ್ನು ಮುಂದುವರಿಸುತ್ತೇನೆ.

ಎವ್ರಿ ಕಳ್ಳತನಕ್ಕೆ ಇಳಿದದ್ದು ಸಂಬಳದ ಜಗಳದಿಂದ. 1693ರಲ್ಲಿ ಲಂಡನ್ನಿನ ವರ್ತಕ ಸರ್ ಜೇಮ್ಸ್ ಹೌಬ್ಲನ್ ಮುಂತಾದವರು ಬಂಡವಾಳ ಹಾಕಿ ಸ್ಪೇನಿನ ಪರವಾಗಿ ಹಡಗುಗಳನ್ನು ಕಳುಹಿಸಿದರು. ಅವು ಲಾ ಕೊರುನ್ಯಾ ಬಂದರಿನಲ್ಲಿ ತಿಂಗಳುಗಟ್ಟಲೆ ನಿಂತವು, ಆಳುಗಳಿಗೆ ಮಾತು ಕೊಟ್ಟ ಸಂಬಳ ಬರಲಿಲ್ಲ. ಆಗ ಲಂಡನ್ನಿನಲ್ಲಿ ಹೌಬ್ಲನ್‌ನ ಬಳಿಗೆ ಹೋಗಿ ಕೇಳಿದವರು ನಾವಿಕರ ಹೆಂಡಂದಿರು. ಅವರು ಈಗ ಸ್ಪೇನಿನ ದೊರೆಯ ಆಳುಗಳು, ಸಂಬಳ ಕೊಡುವುದೂ ಗಲ್ಲಿಗೆ ಹಾಕುವುದೂ ಅವನಿಗೆ ಬಿಟ್ಟದ್ದು ಎಂಬ ಉತ್ತರ ಅವರಿಗೆ ಸಿಕ್ಕಿತು. ಹೆಂಗಸರು ಅಷ್ಟಕ್ಕೆ ಬಿಡದೆ ಸರ್ಕಾರಕ್ಕೂ ಅರ್ಜಿ ಹಾಕಿದರು. 1694ರ ಮೇ 7ರಂದು ಎವ್ರಿಯ ನೇತೃತ್ವದಲ್ಲಿ ಆಳುಗಳು ದಂಗೆಯೆದ್ದು ಹಡಗನ್ನೇ ಹಾರಿಸಿಕೊಂಡು ಹೋದರು. ಅಂದರೆ ಹೆಂಡಂದಿರಲ್ಲಿ ಬಹುಪಾಲು ಮಂದಿ ಕಡಲ್ಗಳ್ಳನನ್ನು ಮದುವೆಯಾದವರಲ್ಲ, ನಾವಿಕನನ್ನು ಮದುವೆಯಾದವರು. ಅವನು ಕಳ್ಳನಾದದ್ದನ್ನು ಊರಿನ ಬಾಯಿಂದ ಕೇಳಿ ತಿಳಿದವರು.

ಎರಡನೆಯ ಚಿತ್ರ ಇದಕ್ಕೆ ತದ್ವಿರುದ್ಧ. ಲೂಟಿಯ ಬಳಿಕ ಎವ್ರಿಯ ಹಡಗು ಬಹಾಮಾದ ಪ್ರಾವಿಡೆನ್ಸಿಗೆ ಬಂದಾಗ ಅದರ ಕ್ವಾರ್ಟರ್‌ಮಾಸ್ಟರ್ ಹೆನ್ರಿ ಆಡಮ್ಸ್ ಅಲ್ಲಿಯೇ ಮದುವೆಯಾದ. ಆ ಹೆಂಡತಿ ಕಳ್ಳರೊಂದಿಗೇ ಪುಟ್ಟ ಹಡಗಿನಲ್ಲಿ ಐರ್ಲೆಂಡಿಗೆ ಬಂದಳು. 1696ರಲ್ಲಿ, ಎವ್ರಿಗಾಗಿ ಎಲ್ಲೆಡೆ ಹುಡುಕಾಟ ನಡೆದಿದ್ದಾಗ, ಅವನ ಆಳಾದ ಜಾನ್ ಡ್ಯಾನ್ ಎಂಬಾತ ಸೇಂಟ್ ಆಲ್ಬನ್ಸ್ ಊರಿನಲ್ಲಿ ಆಕೆ ಸಾರೋಟು ಹತ್ತುತ್ತಿರುವುದನ್ನು ಕಂಡು ಮಾತನಾಡಿಸಿದ. 'ಕ್ಯಾಪ್ಟನ್ ಬ್ರಿಜ್‌ಮನ್' ಅವರನ್ನು ನೋಡಲು ಹೊರಟಿದ್ದೇನೆ ಎಂದಳು ಆಕೆ. ಅದು ಎವ್ರಿಯ ಸುಳ್ಳು ಹೆಸರು. ಎಲ್ಲಿಗೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಡ್ಯಾನ್ ಮುಂದೆ ರೋಚೆಸ್ಟರಿನಲ್ಲಿ ಸಿಕ್ಕಿಬಿದ್ದ. ಅವನ ಅಂಗಿಯೊಳಗೆ ಹೊಲಿದಿದ್ದ ಚಿನ್ನದ ತೂಕವನ್ನು ಗಮನಿಸಿದವಳು ತಂಗುಮನೆಯ ಕೆಲಸದ ಹೆಣ್ಣು. ಎವ್ರಿ ಮಾತ್ರ ಸಿಗಲೇ ಇಲ್ಲ. ಇಡೀ ಸಾಮ್ರಾಜ್ಯ ಹುಡುಕುತ್ತಿದ್ದವನ ವಿಳಾಸ ಆ ಸಾರೋಟಿನಲ್ಲಿ ಕುಳಿತವಳಿಗೆ ಗೊತ್ತಿತ್ತು!

ತೆರೆಸಾಲು:

ಇಷ್ಟು ಸಿಗುತ್ತದೆಂದು ನಾನು ನಿರೀಕ್ಷಿಸಿರಲಿಲ್ಲ. ಬ್ಲ್ಯಾಕ್‌ಬಿಯರ್ಡ್‌ಗೆ ಹದಿನಾಲ್ಕು ಹೆಂಡಂದಿರಿದ್ದರೆಂಬ ಮಾತು, ಮತ್ತು ಸ್ಟೀಡ್ ಬಾನೆಟ್ ಹೆಂಡತಿಯ ಕಾಟ ತಾಳಲಾರದೆ ಕಡಲ್ಗಳ್ಳನಾದನೆಂಬ ಮಾತು, ಇವೆರಡರ ಬಗ್ಗೆ ಯಾರಾದರೂ ಹೇಳುವಿರಾ?

ನ್ಯಾಯವಿದ್ಯಾರ್ಥಿನಿ:

ಮೊದಲನೆಯದು 1724ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ರೋಚಕ ಪುಸ್ತಕವೊಂದರಿಂದ ಹಬ್ಬಿದ್ದು. ಅದಕ್ಕೆ ಆಧಾರವಾಗುವ ಮದುವೆಯ ದಾಖಲೆಯಿಲ್ಲ. ಎರಡನೆಯದರ ಮೂಲವೂ ಅದೇ ಪುಸ್ತಕ. ದಾಖಲೆ ಹೇಳುವುದಿಷ್ಟು: ಬಾರ್ಬಡೋಸಿನ ತೋಟದ ಒಡೆಯ ಬಾನೆಟ್ 1709ರಲ್ಲಿ ಮೇರಿ ಆಲಂಬಿಯನ್ನು ಮದುವೆಯಾದ, ನಾಲ್ಕು ಮಕ್ಕಳಾಗಿ ಒಂದು ಎಳೆಯದರಲ್ಲೇ ತೀರಿಕೊಂಡಿತು, 1717ರಲ್ಲಿ ಅವನು ಸ್ವಂತ ದುಡ್ಡಿನಲ್ಲಿ ಹಡಗು ಸಜ್ಜುಮಾಡಿಕೊಂಡು ಹೊರಟುಹೋದ, 1718ರ ಡಿಸೆಂಬರಿನಲ್ಲಿ ಚಾರ್ಲ್ಸ್ಟನ್‌ನಲ್ಲಿ ಗಲ್ಲಿಗೇರಿದ. ಮೂವರು ಮಕ್ಕಳನ್ನು ಇಟ್ಟುಕೊಂಡು ಹಿಂದೆ ಉಳಿದ ಮೇರಿಯ ಮೇಲೆ ಮುನ್ನೂರು ವರ್ಷದಿಂದ ಗಯ್ಯಾಳಿ ಎಂಬ ಹಣೆಪಟ್ಟಿ ಕುಳಿತಿದೆ. ಗಂಡ ಓಡಿಹೋದರೆ ತಪ್ಪು ಹೆಂಡತಿಯದು ಎನ್ನುವ ಚಾಳಿ ಯಾವ ದೇಶಕ್ಕೂ ಹೊಸದಲ್ಲ.

ಮಸಿಕುಡಿಕೆ:

ಇದುವರೆಗಿನ ಮಾತೆಲ್ಲ ಅಟ್ಲಾಂಟಿಕ್ ದಡದ ಹೆಂಡಂದಿರದ್ದಾಯಿತು. ಇದೇ ಗಂಡಸರಿಗೆ ಮಡಗಾಸ್ಕರಿನ ಪೂರ್ವ ಕರಾವಳಿಯಲ್ಲಿ, ಸೇಂಟ್ ಮೇರಿ ದ್ವೀಪದಲ್ಲಿ, ಇನ್ನೊಂದು ಸಂಸಾರವಿರುತ್ತಿತ್ತು. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳಿರುವುದು ಅಲ್ಲಿ.

1691ರಿಂದ 1697ರವರೆಗೆ ಆ ದ್ವೀಪದಲ್ಲಿ ಆಡಮ್ ಬಾಲ್ಡ್ರಿಜ್ ಎಂಬಾತ ಮಳಿಗೆ ನಡೆಸುತ್ತಿದ್ದ. ಅವನಿಗೆ ಸರಕು ಕಳುಹಿಸುತ್ತಿದ್ದವನು ನ್ಯೂಯಾರ್ಕಿನ ದೊಡ್ಡ ವರ್ತಕ ಫ್ರೆಡರಿಕ್ ಫಿಲಿಪ್ಸ್. 1693ರ ಆಗಸ್ಟಿನಲ್ಲಿ ಬಂದ 'ಚಾರ್ಲ್ಸ್' ಹಡಗಿನ ಸರಕಿನ ಪಟ್ಟಿಯನ್ನು ಬಾಲ್ಡ್ರಿಜ್ ಆಮೇಲೆ ಹೇಳಿಕೆಯಲ್ಲಿ ಕೊಟ್ಟಿದ್ದಾನೆ: 44 ಜೊತೆ ಪಾದರಕ್ಷೆ, ಕಾಲುಚೀಲ, ಚುಕ್ಕೆ ಅಂಗಿ, ಟೊಪ್ಪಿಗೆ, ಬಡಗಿಯ ಹತಾರ, ರಮ್ಮಿನ ಪೀಪಾಯಿ, ಮದ್ದಿನ ಪುಡಿ, ಗುದ್ದಲಿ, ತೋಟಕ್ಕೆ ಹಾಕುವ ಬೀಜ, ಎರಡು ಬೈಬಲ್, ಜೊತೆಗೆ ಮಕ್ಕಳಿಗೆ ಅಕ್ಷರ ಕಲಿಸುವ ಪುಸ್ತಕಗಳು. ಕಳ್ಳರ ಬೀಡಿಗೆ ಬಾಲಬೋಧೆ ಏಕೆ ಬೇಕಾಯಿತು? ಅಲ್ಲಿ ಮಕ್ಕಳಿದ್ದರು, ಆ ಮಕ್ಕಳಿಗೆ ತಾಯಂದಿರಿದ್ದರು, ತಂದೆಯರಲ್ಲಿ ಕೆಲವರಿಗಾದರೂ ಊರು ಬಿಟ್ಟು ಹೋಗುವ ಯೋಚನೆ ಇರಲಿಲ್ಲ ಎಂದಲ್ಲದೆ ಇದಕ್ಕೆ ಬೇರೆ ಅರ್ಥ ನನಗೆ ತೋಚುವುದಿಲ್ಲ. ಆ ಹಡಗು ವಾಪಸು ಒಯ್ದ ಸರಕಿನಲ್ಲಿ 34 ಗುಲಾಮರೂ ಇದ್ದರೆಂಬುದನ್ನು ಅದೇ ಹೇಳಿಕೆಯಲ್ಲಿ ಓದಬೇಕು. ಒಂದೇ ಹಡಗಿನಲ್ಲಿ ಅಕ್ಷರ ಬಂತು, ಜನ ಹೋದರು. 1697ರಲ್ಲಿ ಸ್ಥಳೀಯರು ದಂಗೆಯೆದ್ದು ಆ ನೆಲೆಯನ್ನು ನಾಶ ಮಾಡಿದ್ದಕ್ಕೆ, ಬಾಲ್ಡ್ರಿಜ್ ಅಲ್ಲಿಯ ಜನರನ್ನೇ ಮೋಸದಿಂದ ಮಾರಿದ್ದು ಕಾರಣವೆಂದು ಆಗ ಜನ ಹೇಳಿದರು.

ಮಲಗಾಸಿ, ಅಂದರೆ ಮಡಗಾಸ್ಕರಿನ, ಹೆಂಗಸರು ಈ ಸಂಬಂಧಗಳಲ್ಲಿ ಬರಿಯ ಸೆರೆಯಾಳುಗಳಾಗಿದ್ದರೆಂದು ಒಟ್ಟಾರೆ ಹೇಳಲಾಗದು. ಪರದೇಶಿಗೆ ನೆಲದ ಭಾಷೆ ಬಾರದು, ದನ ಅಕ್ಕಿ ಎಲ್ಲಿ ಸಿಗುತ್ತದೆಂದು ತಿಳಿಯದು, ಯಾವ ಮುಖಂಡನ ಮಾತನ್ನು ನಂಬಬೇಕೆಂಬುದೂ ಗೊತ್ತಿಲ್ಲ. ಇದೆಲ್ಲ ಹೆಂಡತಿಯ ಮೂಲಕ, ಆಕೆಯ ನೆಂಟರ ಮೂಲಕವೇ ಆಗಬೇಕು. ಹೀಗಾಗಿ ಕೆಲವು ಮನೆತನಗಳು ಮಗಳನ್ನು ಕೊಟ್ಟು ಬಂದೂಕು, ಬಟ್ಟೆ, ವ್ಯಾಪಾರದ ನಂಟನ್ನು ತಮ್ಮದಾಗಿಸಿಕೊಂಡವು. ಇಂಥದ್ದೊಂದು ಸಂಬಂಧದಲ್ಲಿ ರಾಹೇನಾ ಎಂಬ ರಾಜಮನೆತನದ ಹೆಣ್ಣಿಗೂ ಒಬ್ಬ ಇಂಗ್ಲಿಷ್ ಕಡಲ್ಗಳ್ಳನಿಗೂ ಹುಟ್ಟಿದವನು ರಾತ್ಸಿಮಿಲಾಹೊ. 1712ರ ಸುಮಾರಿಗೆ ಅವನು ಪೂರ್ವ ಕರಾವಳಿಯ ಪಂಗಡಗಳನ್ನು ಒಂದುಗೂಡಿಸಿ ಬೆತ್ಸಿಮಿಸರಕಾ ಒಕ್ಕೂಟವನ್ನು ಕಟ್ಟಿದ. ಅವನ ಅಧಿಕಾರಕ್ಕೆ ಬೇರು ಕೊಟ್ಟದ್ದು ತಾಯಿಯ ಮನೆತನ. ತಂದೆ ಯಾರೆಂಬುದು ಇಂದಿಗೂ ಚರ್ಚೆಯ ವಿಷಯ.

ಎಲ್ಲರ ಪಾಡು ರಾಹೇನಾಳಂತಿರಲಿಲ್ಲ. 1720ರ ದಶಕದ ಮೊದಲಲ್ಲಿ ರ‍್ಯಾಂಟರ್ ಕೊಲ್ಲಿಯಲ್ಲಿ ಜಮೈಕಾ ಮೂಲದ ಪ್ಲಾಂಟೇನ್ ಎಂಬಾತ ತಾನೇ ಅರಸನೆಂದು ಮೆರೆಯುತ್ತಿದ್ದ. ಅವನನ್ನು ಕಂಡ ನಾವಿಕ ಕ್ಲೆಮೆಂಟ್ ಡೌನಿಂಗ್ ಬರೆದ ಪ್ರಕಾರ, ಅವನ ಹಲವು ಹೆಂಡಂದಿರು ರೇಷ್ಮೆಯುಟ್ಟು, ವಜ್ರದ ಸರ ಹಾಕಿಕೊಂಡಿದ್ದರು. ಅವರಿಗೆ ಅವನು ಮಾಲ್, ಕೇಟ್, ಸ್ಯೂ, ಪೆಗ್ ಎಂದು ಇಂಗ್ಲಿಷ್ ಹೆಸರಿಟ್ಟಿದ್ದ. ಪಕ್ಕದ ಅರಸನ ಮೊಮ್ಮಗಳು ಎಲಿನೊರಾ ಬ್ರೌನ್ ಇಂಗ್ಲಿಷ್ ತಂದೆಯ ಮಗಳು. ಇಂಗ್ಲಿಷ್ ಮಾತು, ಕ್ರೈಸ್ತ ಪ್ರಾರ್ಥನೆ, ಹತ್ತು ಕಟ್ಟಳೆಗಳನ್ನು ತಂದೆಯಿಂದ ಕಲಿತಿದ್ದಳು. ಆಕೆಯನ್ನು ಕೇಳಿದಾಗ ಅಜ್ಜ ಕೊಡಲೊಪ್ಪಲಿಲ್ಲ. ಪ್ಲಾಂಟೇನ್ ಯುದ್ಧ ಸಾರಿ, ಅಜ್ಜನನ್ನು ಕೊಂದು, ಆಕೆಯನ್ನು ಎಳೆದು ತಂದು ಮನೆಯ ಯಜಮಾನಿಕೆ ಕೊಟ್ಟ. ಡೌನಿಂಗ್ ಇದನ್ನು ಪ್ರೇಮಕಥೆಯ ಧಾಟಿಯಲ್ಲಿ ಬರೆಯುತ್ತಾನೆ. ನನಗಂತೂ ಹಾಗೆ ಓದಲಾಗಲಿಲ್ಲ.

ದಕ್ಖನ್ ಓದುಗ:

ಹಾಗಾದರೆ ಲಂಡನ್ನಿನ, ನ್ಯೂಯಾರ್ಕಿನ ಹೆಂಡಂದಿರಿಗೆ ಈ ಎರಡನೆಯ ಸಂಸಾರದ ಸುಳಿವೇ ಇರಲಿಲ್ಲವೇ?

ಹಳೆಕಾಗದ:

ಇದ್ದಿರಲೇಬೇಕು. ಫಿಲಿಪ್ಸ್‌ನ ಹಡಗುಗಳು ಸರಕಿನ ಜೊತೆ ಕಾಗದಪತ್ರಗಳನ್ನೂ ಒಯ್ಯುತ್ತಿದ್ದವು, ಮರಳುವಾಗ ಹಣ ತೆತ್ತು ಊರಿಗೆ ಬರುವ ಮಾಜಿ ಕಳ್ಳರನ್ನೂ ಕರೆತರುತ್ತಿದ್ದವು. ಅವರ ಬಾಯಿಗೆ ಬೀಗ ಹಾಕುವವರು ಯಾರು? ಆದರೂ 1709ರಲ್ಲಿ, ಮಡಗಾಸ್ಕರ್ ಮತ್ತಿತರ ಕಡೆ ಇರುವ ಕಡಲ್ಗಳ್ಳರಿಗೆ ಕ್ಷಮಾದಾನ ಕೊಟ್ಟು ಕರೆಸಿಕೊಳ್ಳಬೇಕೆಂದು ನಲವತ್ತಕ್ಕೂ ಹೆಚ್ಚು ಹೆಂಡಂದಿರು ಮತ್ತು ಬಂಧುಗಳು ರಾಣಿ ಆನ್‌ಗೆ ಅರ್ಜಿ ಸಲ್ಲಿಸಿದರು. ಅವರ ಹಿಂದೆ ನಿಂತಿದ್ದ ಕಾರ್ಮಾರ್ಥನ್ ಪ್ರಭುವಿಗೆ ಕಳ್ಳರ ಸಂಪತ್ತನ್ನು ಇಂಗ್ಲೆಂಡಿಗೆ ತರಿಸಿಕೊಳ್ಳುವ ಲೆಕ್ಕಾಚಾರವಿತ್ತು. ಹೆಂಗಸರಿಗೆ ಬೇಕಾಗಿದ್ದದ್ದು ಗಂಡನೋ, ಹಣವೋ, ಮರುಮದುವೆಗೆ ದಾರಿಯಾಗುವ ಒಂದು ಖಚಿತ ಸುದ್ದಿಯೋ, ಅರ್ಜಿಯ ಭಾಷೆಯಿಂದ ಬೇರ್ಪಡಿಸಲು ಬರುವುದಿಲ್ಲ. ಯೋಜನೆ ಕಾರ್ಯರೂಪಕ್ಕೆ ಬರಲಿಲ್ಲ.

ನ್ಯಾಯವಿದ್ಯಾರ್ಥಿನಿ:

ಬಂದಿದ್ದರೂ ಕ್ಷಮಾದಾನ ಪಡೆದು ಮರಳುವ ಗಂಡ ತನ್ನ ಸೊತ್ತಿನ ಮೇಲಷ್ಟೇ ಅಲ್ಲ, ಅಷ್ಟು ವರ್ಷ ಹೆಂಡತಿ ಹೊಲಿದು, ಒಗೆದು, ಬಾಡಿಗೆಗೆ ಕೋಣೆ ಕೊಟ್ಟು ಕೂಡಿಟ್ಟದ್ದರ ಮೇಲೂ ಹಕ್ಕು ಸಾಧಿಸಬಹುದಿತ್ತು. ಅದನ್ನು ತಿಳಿದೂ ಆ ಹೆಂಗಸರು ಅರ್ಜಿಗೆ ಹೆಸರು ಹಾಕಿದ್ದರು.